ಬಾಗಿಲಿಗೆ ಅಂಟಿದ ಹೆಸರು

ಸೋಮವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾದಾಗ ಜಯದೇವಿ ಗಂಡನಿಗೆ ನೀರು ಅಳೆದಿಡುತ್ತಿದ್ದಳು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಒಂದು ಸಣ್ಣ ಚೊಂಬು ತುಂಬಿಸಿ ದೇವರ ಗೂಡಿನ ಕೆಳಗಿಟ್ಟರೆ ಕಾಫಿ, ಮಾತ್ರೆ, ಬಾಯಾರಿಕೆ ಎಲ್ಲವೂ ಮಲಗುವವರೆಗೆ ಅದರಲ್ಲೇ ಮುಗಿಯಬೇಕು. ಬನಶಂಕರಿಯಲ್ಲಿ ಮೂವತ್ತು ವರ್ಷ ತಿಪಟೂರಿನ ಕಾಯಿ ತರಿಸಿ ಮಾರಿದ ಚನ್ನಬಸವಯ್ಯನವರು ಈಗ ಒಂದು ಎಳನೀರು ಕುಡಿಯುವ ಹಾಗಿರಲಿಲ್ಲ. ಕಿಡ್ನಿಗೆ ಆಗದು. "ದೇವರು ಗೇಲಿ ಮಾಡೋಕೂ ಆಳು ನೋಡೇ ಆರಿಸ್ತಾನೆ" ಎಂದು ಅವರೇ ನಗುತ್ತಿದ್ದರು. ಮಂಗಳವಾರ, ಶುಕ್ರವಾರ ಜಯನಗರದ ಒಂದು ಡಯಾಲಿಸಿಸ್ ಸೆಂಟರಿಗೆ ಹೋಗಿ ನಾಲ್ಕು ಗಂಟೆ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬಂದರೆ ಮುಂದಿನ ಎರಡು ಮೂರು ದಿನ ಗೆಲುವಾಗಿರುತ್ತಿದ್ದರು. ತಪ್ಪಿಸುವಂತಿರಲಿಲ್ಲ.

ಬಾಗಿಲಲ್ಲಿ ಆಶಾ ಕಾರ್ಯಕರ್ತೆ ಯಲ್ಲಮ್ಮ ನಿಂತಿದ್ದಳು. ಯಾವಾಗಲೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು ಕಾಫಿ ಕುಡಿದು ಹೋಗುವ ಹೆಂಗಸು, ಇವತ್ತು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೇಟಿನ ಬಳಿಗೆ ಹಿಂದಕ್ಕೆ ಸರಿದಳು. ಕೈಯಲ್ಲಿ ಗೋಂದಿನ ಡಬ್ಬಿ, ಕಂಕುಳಲ್ಲಿ ಕಾಗದದ ಸುರುಳಿ.

"ಅಕ್ಕಾ, ನಿಮ್ಮನೇಲಿ ಫಾರಿನ್ನಿಂದ ಯಾರು ಬಂದಿದಾರೆ?"

ಜಯದೇವಿಗೆ ನಗು ಬಂತು. "ಫಾರಿನ್ನಾ? ನಮ್ಮನೆಗೆ ತಿಪಟೂರಿಂದ ಬರೋರೇ ನಿಂತೋಗಿದಾರೆ ಯಲ್ಲಮ್ಮ. ಇರೋದು ನಾವಿಬ್ರೇ."

ಯಲ್ಲಮ್ಮ ನಗಲಿಲ್ಲ. ಕೈಯಲ್ಲಿದ್ದ ಲಿಸ್ಟನ್ನು ಓದಿದಳು. "ವೇಣು, ತಂದೆ ದಾಸಪ್ಪ. ಇಪ್ಪತ್ತೊಂಬತ್ತು ವರ್ಷ. ಗುರುವಾರ ಏರ್‌ಪೋರ್ಟಲ್ಲಿ ಇಳಿದಿದಾರೆ, ಇಟಲಿ ಕಡೆಯಿಂದ. ಪಾಸ್‌ಪೋರ್ಟಲ್ಲಿ ನಿಮ್ದೇ ಅಡ್ರೆಸ್ಸು. ಡೋರ್ ನಂಬರೂ ನಿಮ್ದೇ."

ಆ ಹೆಸರು ಕೇಳಿದ ಕೂಡಲೇ ಜಯದೇವಿ ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡಳು.

"ಅವನು ಇಲ್ಲಿಲ್ಲ" ಎಂದಳು.

"ಎಲ್ಲಿದಾರೆ ಹಾಗಾದ್ರೆ? ಇಲ್ಲಿರದೋರ ಪಾಸ್‌ಪೋರ್ಟಿಗೆ ಇಲ್ಲಿನ ಅಡ್ರೆಸ್ ಹೆಂಗೆ ಬಂತು ಅಕ್ಕಾ? ಪೊಲೀಸ್ ವೆರಿಫಿಕೇಶನ್ ಆಗಿರುತ್ತಲ್ಲ?"

ಇದಕ್ಕೆ ಉತ್ತರ ಜಯದೇವಿಯ ಬಾಯಲ್ಲೇ ಇತ್ತು. ಆದರೆ ಅವಳು ತುಟಿ ಬಿಚ್ಚಲಿಲ್ಲ. ಯಲ್ಲಮ್ಮ ಗೋಂದು ಸವರಿ, ಬಾಗಿಲಿನ ಪಕ್ಕದ ಗೋಡೆಗೆ ಪೋಸ್ಟರ್ ಅಂಟಿಸಿದಳು. ಈ ಮನೆಗೆ ಯಾರೂ ಭೇಟಿ ನೀಡಬಾರದು ಎಂದು ದೊಡ್ಡಕ್ಷರ. ಕೆಳಗೆ ವೇಣುವಿನ ಹೆಸರು, ಅದರ ಕೆಳಗೆ ಅವತ್ತಿನಿಂದ ಎಣಿಸಿ ಹದಿನಾಲ್ಕು ದಿನದ ತಾರೀಖು.

"ಅವನು ಇಳಿದಿದ್ದು ಗುರುವಾರ ಅಂದ್ರಲ್ಲ?"

"ಅಂಟಿಸಿದ ದಿನದಿಂದ ಬರೀಬೇಕು ಅಂತ ಹೇಳಿದಾರೆ. ನನ್ನ ಕೈಲೇನಿದೆ ಅಕ್ಕಾ. ಬಾಗಿಲು ಹಾಕ್ಕೊಳ್ಳಿ."

ವೇಣು ಒಂದು ಕಾಲದಲ್ಲಿ ಆ ಮನೆಯ ತಾರಸಿ ರೂಮಿನ ಬಾಡಿಗೆಯ ಹುಡುಗ. ವಿಲ್ಸನ್ ಗಾರ್ಡನ್ನಿನಲ್ಲಿ ಊದುಬತ್ತಿ ಹೊಸೆಯುತ್ತ ಅವನನ್ನು ಸಾಕಿದ ತಾಯಿ ಮುನಿಯಕ್ಕ ತೀರಿಕೊಂಡ ಮೇಲೆ, ಒಂದು ಟ್ರಂಕು ಹೊತ್ತುಕೊಂಡು ರೂಮು ಹುಡುಕುತ್ತ ಬಂದಿದ್ದ. ಜಯನಗರದ ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ಮನೆ ಮಾಲೀಕರೆಲ್ಲ ಮೊದಲು ಕೇಳುವ ಪ್ರಶ್ನೆಯೊಂದಿದೆಯಲ್ಲ, ಅದನ್ನು ಚನ್ನಬಸವಯ್ಯನವರು ಕೇಳಲಿಲ್ಲ. ಟ್ರಂಕಿನಿಂದ ತಾಯಿಯ ಫೋಟೋ, ಬುದ್ಧನ ಫೋಟೋ ಹೊರಬಂದು ಗೋಡೆಗೆ ಏರಿದ್ದನ್ನು ನೋಡಿದ ಎದುರು ಮನೆಯ ಅನ್ನಪೂರ್ಣ "ಯಾವ ಜನ ಅಂತ ವಿಚಾರಿಸಿದ್ರಾ?" ಎಂದು ಪಿಸುಗುಟ್ಟಿದಾಗ "ಹಸಿವಾದ್ರೆ ಊಟ ಮಾಡೋ ಜನ ಕಣಮ್ಮ" ಎಂದು ಮಾತು ಮುಗಿಸಿದ್ದರು.

ಮೂರು ವರ್ಷ ಇದ್ದ. ಮಕ್ಕಳಿಲ್ಲದ ಮನೆಯಲ್ಲಿ ಹೊತ್ತಲ್ಲದ ಹೊತ್ತಲ್ಲಿ "ಆಂಟಿ, ಏನಾದ್ರೂ ಇದೆಯಾ ತಿನ್ನೋಕೆ?" ಎಂದು ಮೆಟ್ಟಿಲಿಳಿದು ಬರುವ ಗಂಟಲೊಂದು ಇದ್ದರೆ ಏನಾಗುತ್ತದೆ ಎಂದು ಯಾರಿಗಾದರೂ ಬಿಡಿಸಿ ಹೇಳಬೇಕೆ? ಜಯದೇವಿ ರೊಟ್ಟಿ ತಟ್ಟುವಾಗ ಎರಡು ಹೆಚ್ಚೇ ತಟ್ಟುವುದನ್ನು ಕಲಿತಳು. ಮಳೆಗೆ ಸೋರಿ ಸೋರಿ ರೂಮಿನ ಗೋಡೆ ಬಿರುಕು ಬಿಟ್ಟಾಗ ಅದನ್ನು ಕೆಡವಿಸಬೇಕಾಯಿತು. ವೇಣು ವಸಂತಪುರದಲ್ಲಿ ಸ್ನೇಹಿತ ಪ್ರಸನ್ನನ ರೂಮಿಗೆ ಹೋದ.

ಅದಾದ ಎರಡು ತಿಂಗಳಿಗೆ ಅವನಿಗೆ ಹಡಗಿನ ಕೆಲಸ ಕೂಡಿಬಂತು. ಪ್ರವಾಸಿಗಳನ್ನು ಹೊತ್ತು ತಿರುಗುವ ದೊಡ್ಡ ಹಡಗಿನ ಅಡುಗೆಮನೆ. ಪಾಸ್‌ಪೋರ್ಟಿಗೆ ಹಳೆಯ ಬಾಡಿಗೆ ಕರಾರನ್ನೇ ಕೊಟ್ಟು ಅರ್ಜಿ ಹಾಕಿದ್ದ. ಪ್ರಸನ್ನನ ಮಾಲೀಕ ಕಾಗದ ಕೊಡಲು ಒಪ್ಪಿರಲಿಲ್ಲ. "ಆಂಟಿ, ವಿಚಾರಿಸೋಕೆ ಪೊಲೀಸ್ನೋರು ಬರ್ತಾರೆ. ಇಲ್ಲೇ ಇದೀನಿ ಅಂತ ಒಂದ್ ಮಾತು ಹೇಳ್ಬಿಡಿ. ನಂದು ಅಂತ ಇನ್ಯಾವ ಅಡ್ರೆಸ್ಸೂ ಇಲ್ಲ" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ.

ಪೇದೆ ಬಂದ. ಚನ್ನಬಸವಯ್ಯನವರು ತಕ್ಕಡಿಯಲ್ಲಿ ಎಂದೂ ಮೋಸ ಮಾಡಿದವರಲ್ಲ. ಅವರಿಗೆ ಸುಳ್ಳು ನಾಲಿಗೆಗೆ ಬರುತ್ತಿರಲಿಲ್ಲ. ಅವರು ಪೇಪರ್ ಬಿಡಿಸಿಕೊಂಡು ಮುಖ ಮುಚ್ಚಿಕೊಂಡರು. ಜಯದೇವಿಯೇ ಕಾಫಿ ಲೋಟ ಹಿಡಿದು, ಪೇದೆ ಮೇಲೆ ಹತ್ತಿ ನೋಡದಂತೆ ಮೆಟ್ಟಿಲಿಗೆ ಅಡ್ಡವಾಗಿ ನಿಂತಳು.

"ಈ ವೇಣು ಅನ್ನೋರು ನಿಮಗೇನಾಗ್ಬೇಕಮ್ಮ? ಇಲ್ಲೇ ಇರೋದಾ?"

"ಹೂಂ, ಇಲ್ಲೇ. ನಮ್ಮ ಮನೆಯವನೇ."

ಪೇದೆ ಮೆಟ್ಟಿಲ ಕಡೆ ನೋಡದೆ ಕಾಫಿ ಕುಡಿದ. ಸಹಿ ಹಾಕಿಸಿಕೊಂಡು ಹೋದ. ಆರು ವರ್ಷ ಆ ಮಾತು ಯಾರಿಗೂ ಕೆಡುಕು ಮಾಡದೆ ಸುಮ್ಮನಿತ್ತು. ವೇಣು ಲೋಕವೆಲ್ಲ ತಿರುಗಿದ, ಬಂದಾಗಲೆಲ್ಲ ಮೊದಲು ಇಲ್ಲಿಗೇ ಬರುತ್ತಿದ್ದ. ಈ ಸಲ ಮಾತ್ರ ಏರ್‌ಪೋರ್ಟಿನಲ್ಲಿ ಕೈ ಮೇಲೆ ಸೀಲು ಒತ್ತಿಸಿಕೊಂಡು ನೇರವಾಗಿ ವಸಂತಪುರಕ್ಕೆ ಹೋಗಿ ಬಾಗಿಲು ಹಾಕಿಕೊಂಡಿದ್ದ. "ಅಂಕಲ್‌ಗೆ ಮೊದ್ಲೇ ಮೈ ಸರಿಯಿಲ್ಲ. ಹದಿನಾಲ್ಕು ದಿನ ಮುಗಿಸೇ ಬರ್ತೀನಿ" ಎಂದು ಫೋನು ಮಾಡಿದ್ದ. ಅಷ್ಟು ಬುದ್ಧಿ ಇದ್ದ ಹುಡುಗ, ಏರ್‌ಪೋರ್ಟಿನ ಫಾರಂ ತುಂಬುವಾಗ ಮಾತ್ರ ಪಾಸ್‌ಪೋರ್ಟಿನಲ್ಲಿದ್ದದ್ದನ್ನೇ ಇಳಿಸಿಬಿಟ್ಟಿದ್ದ. ಎರಡು ಕಡೆ ಎರಡು ಅಡ್ರೆಸ್ ಇದ್ದರೆ ಎಲ್ಲಿ ಹಿಡಿದುಕೊಳ್ಳುತ್ತಾರೋ ಎಂಬ ಹೆದರಿಕೆ.

ಸೋಮವಾರ ಯಲ್ಲಮ್ಮನಿಗೆ ನಿಜ ಹೇಳದೆ ಇದ್ದದ್ದಕ್ಕೆ ಕಾರಣವೂ ಅದೇ. ಸುಳ್ಳು ಅಡ್ರೆಸ್ ಎಂದು ಗೊತ್ತಾದರೆ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ, ಹುಡುಗನ ಅನ್ನ ಹೋಗುತ್ತದೆ. ಒಂದು ಕಾಗದ ತಾನೆ, ಹದಿನಾಲ್ಕು ದಿನ ಇದ್ದುಹೋಗಲಿ ಎಂದುಕೊಂಡಳು. ಆದರೂ ಮನಸ್ಸು ಕುಟುಕುತ್ತಿತ್ತು. ಸಂಜೆ ಲಿಂಗಪೂಜೆಗೆ ಕೂತಾಗ, ಇನ್ನು ಮೇಲೆ ಯಾರ ಹತ್ತಿರವೂ ಸುಳ್ಳು ಹೇಳುವುದಿಲ್ಲ ಎಂದು ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಆಣೆ ಮಾಡಿದಳು.

ಅತ್ತ ಓಣಿಯಲ್ಲಿ ಭಯ ಮನೆಮನೆಗೆ ಹೊಕ್ಕಿತ್ತು. ರೋಗ ಇನ್ನೂ ಆ ರಸ್ತೆಗೆ ಕಾಲಿಟ್ಟಿರಲಿಲ್ಲ, ಆದರೆ ಟೀವಿಯವರು ಬೆಳಗ್ಗಿನಿಂದ ಅರಚಿ ಅರಚಿ ಅದನ್ನು ಎಲ್ಲರ ನಡುಮನೆಗೆ ತಂದು ಕೂರಿಸಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲಿಗೆ ಅರಿಶಿನದ ನೀರು. ಹಿಂದಿನ ಭಾನುವಾರ ಸಂಜೆ ಐದಕ್ಕೆ ಓಣಿಯವರೆಲ್ಲ ತಟ್ಟೆ ಬಡಿದಿದ್ದರು. ಚನ್ನಬಸವಯ್ಯನವರೂ ಗೇಟಿನಲ್ಲಿ ಕುರ್ಚಿ ಹಾಕಿಸಿಕೊಂಡು, ಚಮಚದಿಂದ ಟಣಟಣ ಎನಿಸಿ, ಎದುರು ನಿಂತ ಅನ್ನಪೂರ್ಣಳಿಗೆ "ನಿನ್ನ ತಟ್ಟೆ ಸದ್ದೇ ಜೋರು ಕಣಮ್ಮ" ಎಂದು ಚುಡಾಯಿಸಿದ್ದರು. ಮಾರನೆಯ ದಿನ ಪೋಸ್ಟರ್ ಅಂಟಿತು. ಅನ್ನಪೂರ್ಣ ತನ್ನ ಮನೆಯ ರಸ್ತೆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದಳು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಚನ್ನಬಸವಯ್ಯನವರು ವಿಭೂತಿ ಧರಿಸಿ, ಶಾಲು ಹೊದ್ದು ಸಿದ್ಧರಾಗಿ ಕೂತಿದ್ದಾಗ ಡಯಾಲಿಸಿಸ್ ಸೆಂಟರಿನಿಂದ ಫೋನು ಬಂತು. ಆ ವಾರದಿಂದ ಬರುವ ಮುಂಚೆಯೇ ಎಲ್ಲರಿಗೂ ಫೋನು ಮಾಡಿ ಮೂರು ಪ್ರಶ್ನೆ ಕೇಳುತ್ತಿದ್ದರಂತೆ.

"ಅಂಕಲ್‌ಗೆ ಜ್ವರ ಇದೆಯಾ ಅಮ್ಮ?" ಎಂದಳು ಸಿಸ್ಟರು.

"ಇಲ್ಲ."

"ಮನೇಲಿ ಯಾರಾದ್ರೂ ಫಾರಿನ್ನಿಂದ ಬಂದಿದಾರಾ?"

"ಇಲ್ಲ."

"ಮನೆಗೆ ಪೋಸ್ಟರ್ ಏನಾದ್ರೂ ಹಾಕಿದಾರಾ?"

ಇಲ್ಲ ಎಂದರೆ ಸಾಕಿತ್ತು. ಯಾರೂ ಬಂದು ನೋಡುತ್ತಿರಲಿಲ್ಲ. ಆದರೆ ಆಣೆ ಮಾಡಿ ಒಂದು ರಾತ್ರಿಯೂ ಸರಿಯಾಗಿ ಕಳೆದಿರಲಿಲ್ಲ.

"ಹಾಕಿದಾರಮ್ಮ. ತಪ್ಪಾಗಿ ಹಾಕಿದಾರೆ."

ಸಿಸ್ಟರು ಮೆಲ್ಲಗೆ ಹೇಳಿದಳು. "ಅಮ್ಮಾ, ಒಂದೇ ಹಾಲಲ್ಲಿ ಹನ್ನೊಂದು ಬೆಡ್ಡಿದೆ. ಎಲ್ಲಾರೂ ಅಂಕಲ್ ಥರಾನೇ. ಒಬ್ರಿಗೆ ಬಂದ್ರೆ ಒಬ್ರೂ ಉಳಿಯಲ್ಲ. ತಪ್ಪಾಗಿದೆ ಅಂತ ವಾರ್ಡ್ ಆಫೀಸಿಂದ ಒಂದು ಲೆಟರ್ ತಗೊಂಬನ್ನಿ, ಬಂದ ತಕ್ಷಣ ಹಾಕ್ಕೋತೀವಿ."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಜಯದೇವಿಗೆ ಆಗಲಿಲ್ಲ. ಆ ಹನ್ನೊಂದು ಜನರ ಮುಖವೂ ಅವಳಿಗೆ ಗೊತ್ತಿತ್ತು. ಎರಡು ವರ್ಷ ಅವರನ್ನು ಕರೆದುಕೊಂಡು ಹೋಗುತ್ತಿದ್ದ ಆಟೋದ ಸೋಮಲಿಂಗಪ್ಪ ಅಷ್ಟರಲ್ಲಿ ಬಂದಿದ್ದ. ಗೋಡೆ ನೋಡಿ, ಆಟೋ ಇಳಿಯದೆ, ದೂರದಿಂದಲೇ ಕೈ ಮುಗಿದು ತಿರುಗಿಸಿಕೊಂಡು ಹೋದ. ಬುಧವಾರದಿಂದ ಊರೇ ಬಂದ್ ಆಯಿತು.

ಜಯದೇವಿ ಕೂತಲ್ಲಿ ಕೂರಲಿಲ್ಲ. ಇದ್ದಬದ್ದ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿದಳು. ಪೋಸ್ಟರ್ ಮಾತು ಬಂದ ಕೂಡಲೇ ಎಲ್ಲ ಕಡೆಯೂ ಅದೇ ಲೆಟರು. ವಾರ್ಡ್ ಆಫೀಸಿನ ನಂಬರು ಬಡಿದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ದಿನಾ ಹನ್ನೊಂದಕ್ಕೆ ಗೇಟಿನಾಚೆ ನಿಂತು "ಜ್ವರ ಇದೆಯಾ? ಕೆಮ್ಮು ಇದೆಯಾ?" ಎಂದು ಬರೆದುಕೊಂಡು ಹೋಗುವ ಯಲ್ಲಮ್ಮ ಒಬ್ಬಳೇ ಹೊರಗಿನ ಪ್ರಪಂಚ. ಶುಕ್ರವಾರದ ಡಯಾಲಿಸಿಸ್ಸೂ ತಪ್ಪಿದ ದಿನ ಜಯದೇವಿ ಅವಳ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಪೇದೆ ಬಂದದ್ದು, ತಾನು ಮೆಟ್ಟಿಲಿಗೆ ಅಡ್ಡ ನಿಂತದ್ದು, ಸುಳ್ಳು ಹೇಳಿದ್ದು, ಹುಡುಗ ವಸಂತಪುರದಲ್ಲಿರುವುದು.

ಯಲ್ಲಮ್ಮ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ನಾನು ನಂಬ್ತೀನಿ ಅಕ್ಕಾ. ಆದ್ರೆ ಆಫೀಸಲ್ಲಿ ನಂಬಲ್ಲ. ಪೋಸ್ಟರ್ ಹಾಕಿದ ಮನೆಯವರೆಲ್ಲ ಹಿಂಗೇ ಅಂತಾರೆ. ನಮ್ಮನೇಲಿಲ್ಲ, ಬೇರೆ ಕಡೆ ಇದಾನೆ ಅಂತ. ನಿನ್ನೆ ಒಬ್ರು ಮಗನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ರು."

"ಲಿಂಗ ಮುಟ್ಟಿ ಹೇಳ್ತೀನಿ ಯಲ್ಲಮ್ಮ."

"ಅರ್ಜಿ ಬರ್ಕೊಡಿ. ನಾನೇ ತಗೊಂಡೋಗಿ ಕೊಡ್ತೀನಿ."

ಆರು ವರ್ಷದ ಹಿಂದೆ ಒಂದು ಲೋಟ ಕಾಫಿ ಕೊಟ್ಟು ಹೇಳಿದ ಸುಳ್ಳನ್ನು ಮರುಮಾತಿಲ್ಲದೆ ನಂಬಿದ ಸರ್ಕಾರ, ಈಗ ಅಳುತ್ತ ಹೇಳಿದ ನಿಜಕ್ಕೆ ಅರ್ಜಿ ಕೇಳುತ್ತಿತ್ತು. ಜಯದೇವಿ ಬರೆದುಕೊಟ್ಟಳು. ಸೋಮವಾರವೇ ಬಾಯಿ ಬಿಟ್ಟಿದ್ದರೆ, ಊರು ಬಂದ್ ಆಗುವ ಮುಂಚೆ ಯಾರಾದರೂ ಬಂದು ನೋಡಿ ಹೋಗುತ್ತಿದ್ದರೇನೋ ಎಂಬ ಯೋಚನೆ ಅವಳನ್ನು ಅವತ್ತಿನಿಂದ ತಿನ್ನಲು ಶುರುಮಾಡಿತು.

ಒಳಗೆ ಚನ್ನಬಸವಯ್ಯನವರ ಪಾದ ಊದಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನೀರಿನ ಚೊಂಬನ್ನು ಅರ್ಧಕ್ಕಿಳಿಸಬೇಕಾಯಿತು. ತುಟಿ ಒಣಗಿ ಬಿರಿದಾಗ ಜಯದೇವಿ ಒದ್ದೆ ಬಟ್ಟೆ ಸವರುತ್ತಿದ್ದಳು.

"ಸುಳ್ಳು ಹೇಳಿದ್ದು ನೀನು, ನೀರು ಬಂದ್ ಆಗಿದ್ದು ನಂಗೆ. ಚೆನ್ನಾಗಿದೆ ಕಣೇ ನ್ಯಾಯ" ಎಂದರು ಒಂದು ದಿನ.

ಅವರು ತಮಾಷೆಗೇ ಅಂದದ್ದು. ಜಯದೇವಿ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಸದ್ದು ಕೇಳಿಸಿರಬೇಕು. "ಲೇ ಜಯಾ, ಬಾ ಇಲ್ಲಿ. ಅವತ್ತು ನಾನು ಪೇಪರ್ ಅಡ್ಡ ಹಿಡ್ಕೊಂಡು ಕೂತಿದ್ದೆನಲ್ಲ, ಅದರಲ್ಲಿ ಒಂದಕ್ಷರಾನೂ ಓದಲಿಲ್ಲ. ನೀನು ಹೂಂ ಅಂದಾಗ ಉಸಿರು ಬಿಟ್ಟೆ. ನೀನು ಹೇಳದಿದ್ರೆ ನಾನೇ ಹೇಳ್ತಿದ್ನೇನೋ" ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಮೂರು ಸಲ ಉಸಿರು ಎಳೆದುಕೊಳ್ಳಬೇಕಾಯಿತು.

ವೇಣು ದಿನಾ ಸಂಜೆ ಫೋನು ಮಾಡುತ್ತಿದ್ದ. ತನ್ನ ಹೆಸರಿನ ಪೋಸ್ಟರ್ ಅಲ್ಲಿ ಅಂಟಿದ್ದು ಗೊತ್ತಾದ ದಿನ ಮಗುವಿನಂತೆ ಅತ್ತುಬಿಟ್ಟಿದ್ದ. ಹೆಲ್ಪ್‌ಲೈನಿಗೆ ಹತ್ತು ಸಲ ಹೇಳಿದ್ದನಂತೆ, ಬರೆದುಕೊಂಡಿದ್ದೇವೆ ಎಂದಿದ್ದರಂತೆ.

"ನಾನೇ ಬಂದು ಆಫೀಸಲ್ಲಿ ನಿಂತ್ಕೋತೀನಿ ಆಂಟಿ. ನಾನೇ ಆ ವೇಣು, ನೋಡ್ಕೊಳ್ಳಿ ಅಂತೀನಿ."

"ಹೊರಗೆ ಕಾಲಿಟ್ರೆ ನೋಡು! ಕೈ ಮೇಲೆ ಸೀಲಿದೆ. ಯಾರಾದ್ರೂ ಕಂಡ್ರೆ ಹೊಡೆದು ಹಾಕ್ತಾರೆ. ಟೀವೀಲಿ ನೋಡ್ತಿಲ್ವಾ?"

"ಅಂಕಲ್ ಡಯಾಲಿಸಿಸ್‌ಗೆ ಹೋಗ್ತಿದಾರೆ ತಾನೆ?"

ಜಯದೇವಿ ಒಳಗೆ ನೋಡಿದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಚನ್ನಬಸವಯ್ಯನವರು ಗೋಡೆಗೆ ಎರಡು ದಿಂಬು ಆನಿಸಿಕೊಂಡು ಕೂತೇ ಇದ್ದರು. ಅವರು ಬೇಡ ಬೇಡ ಎಂದು ಕೈಯಾಡಿಸಿದರು, ಹೇಳಬೇಡ ಎಂದು.

"ಹೂಂ, ಹೋಗ್ತಿದಾರೆ. ಏನೂ ತೊಂದ್ರೆಯಿಲ್ಲ" ಎಂದಳು. ಆಣೆ ಅಲ್ಲಿಗೆ ಮುಗಿಯಿತು.

ಭಾನುವಾರ ಅನ್ನಪೂರ್ಣ ತನ್ನ ತಾರಸಿಯಿಂದ ಕೂಗಿದಳು. ಹೇಳಲೇಬೇಕು, ಅವಳೇನು ಕಲ್ಲು ಮನಸ್ಸಿನವಳಲ್ಲ. ಪೋಸ್ಟರ್ ಅಂಟಿದಾಗಿನಿಂದ ದಿನಾ ಹಾಲಿನ ಪ್ಯಾಕೆಟ್ಟನ್ನು ಕಾಂಪೌಂಡ್ ಮೇಲಿಟ್ಟು ಓಡಿಹೋಗುತ್ತಿದ್ದವಳು ಅವಳೇ.

"ಜಯಕ್ಕಾ, ನಿಜ ಹೇಳಿಬಿಡಿ. ಆ ಹುಡುಗ ಒಳಗಿದಾನೆ ತಾನೆ? ಮೇಲಿನ ರೂಮಲ್ಲಿ ರಾತ್ರಿ ಲೈಟ್ ಉರೀತಿತ್ತಂತೆ, ಪಕ್ಕದ ಬೀದಿಯೋರು ಹೇಳಿದ್ರು."

"ಯಾವ ರೂಮು ಅನ್ನಪೂರ್ಣ? ನೀನು ನಿಂತಿರೋ ಜಾಗದಿಂದ ನೋಡು. ಅಲ್ಲಿ ರೂಮಿದೆಯಾ?"

ಅನ್ನಪೂರ್ಣ ನೋಡಿದಳು. ಆರು ವರ್ಷದ ಹಿಂದೆ ಕೆಡವಿದ ರೂಮಿನ ಜಾಗದಲ್ಲಿ ಬಟ್ಟೆ ಒಣಗಿಸುವ ತಂತಿಯಲ್ಲದೆ ಬೇರೇನೂ ಇರಲಿಲ್ಲ. ಕೆಡವಿದ ದಿನ ಧೂಳು ಬರುತ್ತದೆಂದು ಜಗಳ ತೆಗೆದವಳು ಅವಳೇ. ಆದರೂ ಇನ್ನೊಮ್ಮೆ ದಿಟ್ಟಿಸಿ ನೋಡಿ, ಕೆಳಗಿಳಿದು ಹೋದಳು.

ಮುಂದಿನ ಮಂಗಳವಾರ ಮೂರನೆಯ ಸಲವೂ ತಪ್ಪಿತು. ಉಸಿರಾಡುವಾಗ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಆಂಬುಲೆನ್ಸಿಗೆ ಫೋನು ಮಾಡಿದರೆ ಪೋಸ್ಟರ್ ಇರುವ ಮನೆಗೆ ಬೇರೆ ಗಾಡಿ ಬರಬೇಕು, ಅದು ಹೊರಗೆ ಹೋಗಿದೆ, ಕಾಯಿರಿ ಎಂದರು. ಬುಧವಾರ ಯಲ್ಲಮ್ಮ ಗೇಟಿನಿಂದಲೇ ಅವರನ್ನು ನೋಡಿದಳು, ಜ್ವರ ಕೆಮ್ಮು ಏನನ್ನೂ ಕೇಳಲಿಲ್ಲ. "ಇವತ್ತು ಲೆಟರ್ ಇಸ್ಕೊಳ್ದೆ ಆಫೀಸಿಂದ ಎದ್ದೇಳಲ್ಲ ಅಕ್ಕಾ" ಎಂದು ಹೊರಟಳು.

ಅವತ್ತು ಮಧ್ಯಾಹ್ನ ಚನ್ನಬಸವಯ್ಯನವರು ಕಣ್ಣು ತೆರೆದು "ಒಂದು ಕಾಯಿ ಒಡಿ" ಎಂದರು.

"ಯಾಕ್ರೀ?"

"ನೀರು ಕುಡೀಬೇಕು. ತೆಂಗಿನ ನೀರು."

"ಬೇಡ ಅಂದಿದಾರಲ್ರೀ ಡಾಕ್ಟರು."

"ಎರಡು ವರ್ಷ ಡಾಕ್ಟರ ಮಾತು ಕೇಳಿದೀನಿ. ಇವತ್ತೊಂದಿನ ನನ್ನ ಮಾತು ನೀನು ಕೇಳು."

ಕಾಯಿಗಳು ಮೂಲೆಯಲ್ಲಿದ್ದವು. ಜಯದೇವಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಾಗ ಅವರು ತಲೆಯಾಡಿಸಿದರು. ಅದಲ್ಲ, ಪಕ್ಕದ್ದು ಎಂದು ಕಣ್ಣಿನಲ್ಲೇ ತೋರಿಸಿ, ಹತ್ತಿರ ತರಿಸಿಕೊಂಡು ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಕೇಳಿಸಿಕೊಂಡು, ಸರಿ ಎಂದರು. ಅವಳು ಒಡೆದು ಲೋಟಕ್ಕೆ ಬಗ್ಗಿಸಿದಳು. ಮುಕ್ಕಾಲು ಲೋಟ ಬಂತು. ಅಳತೆ ನೋಡದೆ ಅವರಿಗೆ ನೀರು ಕೊಟ್ಟು ಎರಡು ವರ್ಷವಾಗಿತ್ತು. ಅವರು ಗುಟುಕು ಗುಟುಕಾಗಿ, ನಡುನಡುವೆ ಉಸಿರು ಸುಧಾರಿಸಿಕೊಳ್ಳುತ್ತ, ಪೂರ್ತಿ ಕುಡಿದರು.

"ಸಿಹಿಯಾಗಿದೆ" ಎಂದರು. "ಕಾಯಿ ಆರಿಸೋದು ಇನ್ನೂ ಮರ್ತಿಲ್ಲ ನಾನು."

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಅವರು ಕೂತಲ್ಲೇ ಹೋದರು. ಜಯದೇವಿ ಒಲೆಯ ಮೇಲೆ ಹಾಲಿಟ್ಟು ಬಂದು ನೋಡಿದಾಗ ಗೊರಗೊರ ನಿಂತಿತ್ತು. ತಲೆ ಸ್ವಲ್ಪ ವಾಲಿತ್ತು. ಅವಳು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. ಒಳಗೆ ಹಾಲು ಉಕ್ಕಿ ಒಲೆ ಆರಿಹೋದ ಸದ್ದು ಕೇಳಿಸಿತು, ಏಳಲಿಲ್ಲ. ನಿಮ್ಮ ಜೀವ ತೆಗೆದದ್ದು ಯಾವ ದೇಶದ ರೋಗವೂ ಅಲ್ಲ, ನನ್ನ ನಾಲಿಗೆ ಎಂದು ಅವರಿಗೆ ಹೇಳಬೇಕೆನಿಸಿತು. ಕೇಳಿಸಿಕೊಳ್ಳಲು ಅವರಿರಲಿಲ್ಲ.

ಏಳು ಗಂಟೆಗೆ ಫೋನು ಬಂತು. ವೇಣುವಿನ ದನಿ ಹಿಗ್ಗಿನಿಂದ ಕುಣಿಯುತ್ತಿತ್ತು.

"ಆಂಟಿ, ಇವತ್ತಿಗೆ ಮುಗೀತು ನಂದು! ಸೀಲೂ ಮಾಸಿದೆ. ಬಸ್ಸಿಲ್ಲ, ನಡ್ಕೊಂಡೇ ಬರ್ತೀನಿ. ಅಂಕಲ್‌ಗೆ ಹಡಗಿಂದ ಒಂದು ಅಳತೆ ಲೋಟ ತಂದಿದೀನಿ, ನೀರಿಗೆ. ಎದ್ರಾ ಅಂಕಲ್ಲು?"

"ಬಾ ಕಣೋ" ಎಂದಳು ಜಯದೇವಿ. "ಬೇಗ ಬಾ."

ಎಂಟಕ್ಕೆ ಯಲ್ಲಮ್ಮ ಬಂದಳು. ಹಿಂದಿನ ದಿನ ಕತ್ತಲಾಗುವವರೆಗೆ ಕೂತು ಸಂಪಾದಿಸಿದ ಲೆಟರು ಅವಳ ಕೈಯಲ್ಲಿತ್ತು. ಗೇಟಿನಿಂದಲೇ ಒಳಗೆ ನೋಡಿದವಳೇ ಅದನ್ನು ಮಡಚಿ ಚೀಲಕ್ಕೆ ತುರುಕಿ, ಪೋಸ್ಟರ್ ಅಂಟಿಸಿದ ಮೇಲೆ ಮೊದಲ ಸಲ ಗೇಟು ದಾಟಿ, ಚಪ್ಪಲಿ ಬಿಟ್ಟು ಒಳಗೆ ಬಂದಳು. ಆಫೀಸಿಗೆ ಫೋನು ಮಾಡಿ ಡಾಕ್ಟರನ್ನು ಕರೆಸಿದಳು. ಕಿಡ್ನಿಯಿಂದ ಆದ ಸಾವು ಎಂದು ಡಾಕ್ಟರು ಬರೆದುಕೊಟ್ಟರು. ಆದರೂ ಯಲ್ಲಮ್ಮ ತಂದ ಲೆಟರು ಡಯಾಲಿಸಿಸ್ಸಿಗೆ ಮಾತ್ರವಂತೆ, ಪೋಸ್ಟರಿನ ತಾರೀಖು ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಗಾಡಿ ಕಳಿಸುತ್ತೇವೆ, ಹನ್ನೊಂದಕ್ಕೆ ಒಯ್ಯಬೇಕು, ಜೊತೆಗೆ ಆ ಮನೆಯವರು ಮಾತ್ರ, ಹೊರಗಿನವರು ಒಬ್ಬರೂ ಬರುವಂತಿಲ್ಲ ಎಂದು ಹೇಳಿ ಹೋದರು.

ಕ್ರಿಯೆ ಮಾಡಿಸಬೇಕಾದ ಅಯ್ಯನವರು ಫೋನಿನಲ್ಲೇ ಮಂತ್ರ ಹೇಳುತ್ತೇನೆ ಎಂದರು. ಅಕ್ಕಪಕ್ಕದವರು ಕಿಟಕಿಯ ಸಂದಿಯಿಂದ ನೋಡಿದರು. ಚನ್ನಬಸವಯ್ಯನವರ ಜನರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪೂಜೆಗೆ ಕೂತ ಹಾಗೇ ಕೂರಿಸಿ ಗುಣಿಗಿಳಿಸಬೇಕು. ಒಬ್ಬರು ಕೆಳಗಿಳಿದು ಬೆನ್ನಿಗೆ ಆತು ಹಿಡಿದುಕೊಳ್ಳಬೇಕು. ಅದಕ್ಕೆ ಒಂದು ಗಂಡಾಳು ಬೇಕು. ಜಯದೇವಿಗೆ ಆ ಹೊತ್ತಿನಲ್ಲಿ ಅದೊಂದೇ ಚಿಂತೆ. ಬದುಕಿದ್ದಾಗ ಅವರಿಗೆ ಬೇಕಾದದ್ದು ಕೊಡಿಸಲಾಗಲಿಲ್ಲ, ಇದನ್ನಾದರೂ ತಪ್ಪಿಸಬಾರದು.

ಒಂಬತ್ತೂವರೆಗೆ ವೇಣು ಬಂದ. ಉತ್ತರಹಳ್ಳಿ ರಸ್ತೆಯಲ್ಲಿ ಎರಡು ಕಡೆ ಪೊಲೀಸರ ಕೈಗೆ ಸಿಕ್ಕಿ, ಕಾಗದ ತೋರಿಸಿ, ಬೆವರಿ ನೀರಾಗಿದ್ದ. ಬಾಗಿಲ ಪಕ್ಕದಲ್ಲಿ ತನ್ನ ಹೆಸರನ್ನು ಓದಿ ಅಲ್ಲೇ ನಿಂತ. ಆಮೇಲೆ ಒಳಗೆ ನೋಡಿದ. ಗೋಡೆಗೊರಗಿ ಕೂತಿದ್ದ ಚನ್ನಬಸವಯ್ಯನವರು ಅವನಿಗೆ ಮೊದಲು ಬದುಕಿರುವಂತೆಯೇ ಕಂಡಿರಬೇಕು. "ಅಂಕಲ್" ಎಂದು ಕರೆದೂಬಿಟ್ಟ.

ಅವನು ಅತ್ತು ಮುಗಿಸುವವರೆಗೆ ಜಯದೇವಿ ಅವನ ತಲೆ ಮೇಲೆ ಕೈಯಿಟ್ಟುಕೊಂಡಿದ್ದಳು. ಅವನು ಕಣ್ಣೊರೆಸಿಕೊಂಡು ಕೇಳಿದ.

"ಡಯಾಲಿಸಿಸ್ ಮಾಡಿಸ್ತಾನೇ ಇದ್ರಿ ಅಂದ್ರಲ್ಲ ಆಂಟಿ? ನನ್ನ ಪೋಸ್ಟರಿಂದ ಏನೂ ತೊಂದ್ರೆ ಆಗ್ಲಿಲ್ಲ ತಾನೆ? ನಿಜ ಹೇಳಿ."

ಯಲ್ಲಮ್ಮ ಅತ್ತ ತಿರುಗಿಕೊಂಡಳು.

"ಏನೂ ಆಗ್ಲಿಲ್ಲ" ಎಂದಳು ಜಯದೇವಿ. "ಮಾಡಿಸ್ತಾನೇ ಇದ್ವಿ. ಅವರ ಹೊತ್ತು ಮುಗಿದಿತ್ತು ಕಣೋ. ನಿನ್ನೆ ತೆಂಗಿನ ನೀರು ಕೇಳಿ ಕುಡಿದ್ರು."

ಹನ್ನೊಂದಕ್ಕೆ ಗಾಡಿ ಬಂತು. ಯಲ್ಲಮ್ಮ ಜೊತೆಗೆ ಹೋಗುವವರ ಹೆಸರು ಬರೆದುಕೊಳ್ಳಲು ಅದೇ ಹಳೆಯ ಲಿಸ್ಟಿನ ಪುಸ್ತಕ ತೆಗೆದಳು. ಜಯದೇವಿಯ ಹೆಸರು ಬರೆದಳು. ಪೆನ್ನು ನಿಲ್ಲಿಸಿ ವೇಣುವನ್ನು ನೋಡಿದಳು, ಜಯದೇವಿಯನ್ನು ನೋಡಿದಳು. ದನಿ ತಗ್ಗಿಸಿದಳು.

"ಅಕ್ಕಾ, ಮನೆಯವರು ಮಾತ್ರ ಅಂದಿದಾರೆ. ಇವರನ್ನ ಬರೆದ್ರೆ ಇವರು ಈ ಮನೇಲೇ ಇದ್ರು ಅಂತ ಆಗುತ್ತೆ. ಪೋಸ್ಟರ್ ಹಾಕಿದ್ದು ಸರಿ ಅಂತಾನೇ ಆಗುತ್ತೆ. ನೀವು ಕೊಟ್ಟ ಅರ್ಜಿಗೆ, ಈ ಲೆಟರಿಗೆ ಬೆಲೆ ಇರಲ್ಲ. ನಾಳೆ ನನ್ನ ಗಂಡನ್ನ ಸಾಯಿಸಿಬಿಟ್ರಿ ಅಂತ ನೀವು ಯಾರನ್ನೂ ಕೇಳೋಕಾಗಲ್ಲ. ಒಂದ್ಸಲ ಬರೆದ ಮೇಲೆ ತೆಗೆಯೋಕಾಗಲ್ಲ ಅಕ್ಕಾ, ಯೋಚ್ನೆ ಮಾಡಿ." ಆಮೇಲೆ ಎಲ್ಲರಿಗೂ ಕೇಳುವಂತೆ, ಕೇಳಲೇಬೇಕಾದ್ದನ್ನು ಕೇಳಿದಳು. "ಇವರು ನಿಮಗೇನಾಗ್ಬೇಕು? ಇಲ್ಲೇ ಇರೋದಾ?"

ವೇಣು ಚನ್ನಬಸವಯ್ಯನವರ ಹಣೆಗೆ ಬಳಿದ ವಿಭೂತಿ ಉದುರದಂತೆ ಅವರ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು ಕೂತಿದ್ದ.

"ಹೂಂ, ಇಲ್ಲೇ" ಎಂದಳು ಜಯದೇವಿ. "ನಮ್ಮ ಮನೆಯವನೇ. ಬರ್ಕೊಳ್ಳಿ."

ಯಲ್ಲಮ್ಮ ಬರೆದುಕೊಂಡಳು. ವೇಣು ಎದ್ದು, ಚನ್ನಬಸವಯ್ಯನವರನ್ನು ಕೂತ ಹಾಗೇ ಎರಡೂ ತೋಳಲ್ಲಿ ಎತ್ತಿಕೊಂಡು, ತನ್ನ ಹೆಸರು ಅಂಟಿದ ಗೋಡೆಯ ಪಕ್ಕದಿಂದ ಹೊರಗೆ ನಡೆದ.